ಎರಡರ ಜಾಗದಲ್ಲಿ ನಾಲ್ಕು

ನಮ್ಮ ಕಡೆ ಬೇಸಿಗೆಯ ಕೊನೆಯಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಮನೆಯವರು ಎರಡು ಕೆಲಸ ಮಾಡುತ್ತಾರೆ. ಅಂಗಳದಲ್ಲಿ ಒಣಗಲು ಹಾಕಿದ್ದನ್ನು ಒಳಗೆ ತರುತ್ತಾರೆ, ಗೋಡೆಯಲ್ಲಿರುವ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕುತ್ತಾರೆ. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಪ್ಲಗ್ಗು ಗೋಡೆಯಿಂದ ಹೊರಗೆ ಬಂದು ನೇತಾಡಬೇಕು. ಟಿವಿ, ಫ್ರಿಜ್ಜು, ಮಿಕ್ಸಿ, ಇಂಟರ್ನೆಟ್ಟಿನ ಮೋಡೆಮ್ಮು, ಯಾವುದಕ್ಕೂ ವಿನಾಯಿತಿ ಇಲ್ಲ. ಗುರುವಾಯನಕೆರೆಯ ಆಚೆ ಈಚೆ ಸಿಡಿಲಿಗೆ ಒಂದಾದರೂ ಸಾಮಾನು ಸುಟ್ಟುಕೊಳ್ಳದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ನಾನು ಇರುವುದು ನನ್ನ ಅಮ್ಮನ ಅಕ್ಕನ ಮನೆಯಲ್ಲಿ. ಈ ದೊಡ್ಡಮ್ಮ ಎರಡು ಟಿವಿ ಮತ್ತು ಒಂದು ಪಂಪು ಕಳೆದುಕೊಂಡವರು. ಗುಡುಗಿನ ವಿಷಯದಲ್ಲಿ ಅವರೊಡನೆ ವಾದ ಮಾಡಿ ಗೆದ್ದವರಿಲ್ಲ.

ಇದೆಲ್ಲ ಗೊತ್ತಿದ್ದೂ, ಮೇ ತಿಂಗಳ ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ, ಮೂಡುದಿಕ್ಕಿನ ಘಟ್ಟದ ಮೇಲೆ ಮೋಡ ಕಪ್ಪಾಗಿ ನಿಂತಿದ್ದಾಗ, ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಒಂದು ಕೆಲಸ ಶುರು ಮಾಡಿದೆ. ಆ ಕೆಲಸದಿಂದ ಒಬ್ಬರ ಪ್ರಾಣಕ್ಕೆ ಅಪಾಯ ಬರಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನದು ಸಾಫ್ಟ್‌ವೇರಿನ ಹಿಂಬದಿಯ ಕೆಲಸ. ಪರದೆಯ ಮೇಲೆ ಕಾಣುವ ಬಣ್ಣ, ಬಟನ್ನುಗಳನ್ನು ಬೇರೆಯವರು ಮಾಡುತ್ತಾರೆ. ಬಟನ್ನು ಒತ್ತಿದಾಗ ದೂರದ ಸರ್ವರಿನಲ್ಲಿ ಏನಾಗಬೇಕು, ಯಾವ ಅಂಕೆ ಎಲ್ಲಿ ಉಳಿಯಬೇಕು ಎನ್ನುವುದು ನನ್ನ ಪಾಲಿಗೆ. ಅಡುಗೆಮನೆಯ ಕೆಲಸದ ಹಾಗೆ, ಊಟಕ್ಕೆ ಕೂತವರಿಗೆ ಉಪ್ಪು ಹೆಚ್ಚಾದಾಗ ಮಾತ್ರ ನಮ್ಮ ನೆನಪಾಗುತ್ತದೆ. ಸಂಬಳಕ್ಕೆ ಒಂದು ಕಂಪನಿಯ ಕೆಲಸ ಮಾಡುತ್ತೇನೆ, ಮನೆಯಿಂದಲೇ. ರಜೆಯ ದಿನ, ರೋಗಿಗಳ ಮಾತ್ರೆಯ ಲೆಕ್ಕ ಇಡುವ ಒಂದು ಸಣ್ಣ ಓಪನ್ ಸೋರ್ಸ್ ತಂತ್ರಾಂಶವನ್ನು ನೋಡಿಕೊಳ್ಳುತ್ತೇನೆ. ಬರೆದ ಕೋಡನ್ನೆಲ್ಲ ಎಲ್ಲರೆದುರು ತೆರೆದಿಟ್ಟು, ಬೇಕಾದವರು ತೆಗೆದುಕೊಂಡು ಹೋಗಿ, ತಪ್ಪಿದ್ದರೆ ಹೇಳಿ ಎನ್ನುವ ಕ್ರಮ ಅದು. ತಪ್ಪಿದ್ದರೆ ಹೇಳಿ ಎನ್ನುವುದು ನನ್ನ ಮಟ್ಟಿಗೆ ಬಾಯಿಮಾತು. ಹೇಳಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹುಟ್ಟಿನಿಂದ ಪುಕ್ಕಲು ಸ್ವಭಾವ ನನ್ನದು, ಅದನ್ನು ಮುಚ್ಚಿಡಲು ಸಿಟ್ಟು ಕಲಿತಿದ್ದೇನೆ ಎಂದು ದೊಡ್ಡಮ್ಮ ಹೇಳುತ್ತಾರೆ. ಅವರು ಹೇಳುವುದು ಸರಿ ಇರಬೇಕು.

ಆ ತಂತ್ರಾಂಶವನ್ನು ಬಂಟ್ವಾಳದ ಕಡೆಯ ಒಂದು ಸಣ್ಣ ಸೇವಾತಂಡ ಬಳಸುತ್ತಿತ್ತು. ಗುಣವಾಗದ ಕಾಯಿಲೆಯವರ ಮನೆಮನೆಗೆ ಹೋಗಿ ಗಾಯ ತೊಳೆದು, ನೋವಿಗೆ ಮದ್ದು ಕೊಟ್ಟು ಬರುವವರು ಅವರು. ವಾರಕ್ಕೊಮ್ಮೆ ಮೂಡುಬಿದಿರೆಯಿಂದ ಬರುವ ಒಬ್ಬರು ಡಾಕ್ಟರು, ದಿನಾ ತಿರುಗುವ ಒಬ್ಬರು ನರ್ಸು. ಈ ನರ್ಸನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು. ಬೆಳ್ತಂಗಡಿಯ ಗುಡ್ಡದ ಮೇಲೆ ರಬ್ಬರು ಹಾಕಿದ ಮಲಯಾಳಿ ಮನೆತನದವರು. ನಾನು ತುಳು ಮಾತಾಡಿದರೂ ಅವರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಸಿಸ್ಟರ್ ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದರು. ಏಳು ದಿನಕ್ಕೆ ಏಳು ಸಾಲು, ಒಂದೊಂದು ಸಾಲಿನಲ್ಲಿ ಬೆಳಿಗ್ಗೆಗೆ, ಮಧ್ಯಾಹ್ನಕ್ಕೆ, ರಾತ್ರಿಗೆ ಬೇರೆ ಬೇರೆ ಖಾನೆ. ವಾರಕ್ಕೊಮ್ಮೆ ಮೊಬೈಲಿನಲ್ಲಿ ನನ್ನ ತಂತ್ರಾಂಶ ತೆರೆದು, ಅದು ತೋರಿಸಿದಷ್ಟು ಮಾತ್ರೆಗಳನ್ನು ಆ ಖಾನೆಗಳಿಗೆ ತುಂಬಿಸಿ ಬರುತ್ತಿದ್ದರು.

ಆ ಭಾನುವಾರ ನಾನು ಮಾಡಹೊರಟದ್ದು ಸಣ್ಣ ಬದಲಾವಣೆ. ಅಲ್ಲಿಯವರೆಗೆ ಪಟ್ಟಿಯಲ್ಲಿ, ಒಂದು ಸಲಕ್ಕೆ ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಸಲ ಎಂದು ಎರಡು ಅಂಕೆ ಇರುತ್ತಿತ್ತು. ಡಾಕ್ಟರಿಗೆ ದಿನದ ಒಟ್ಟು ಲೆಕ್ಕ ಬೇಕಿತ್ತು. ಅದಕ್ಕೆ ಒಂದು ಸ್ಕ್ರಿಪ್ಟು, ಅಂದರೆ ಚಿಕ್ಕ ಪ್ರೋಗ್ರಾಮು, ಮೊದಲೇ ಬರೆದಿಟ್ಟಿದ್ದೆ. ಅದು ನೂರಹನ್ನೆರಡು ರೋಗಿಗಳ ಸಾಲುಗಳನ್ನು ಒಂದೊಂದಾಗಿ ಹಿಡಿದು, ಮಾತ್ರೆಯ ಅಂಕೆಯನ್ನು ಸಲದ ಅಂಕೆಯಿಂದ ಗುಣಿಸಿ, ಬಂದ ಉತ್ತರವನ್ನು ಹಳೆಯ ಅಂಕೆ ಇದ್ದ ಜಾಗದಲ್ಲೇ ಬರೆಯುತ್ತ ಹೋಗುತ್ತದೆ. ಒಂದು ಮಾತ್ರೆ, ದಿನಕ್ಕೆ ಎರಡು ಸಲ ಎಂದಿದ್ದರೆ ಈಗ ದಿನಕ್ಕೆ ಒಟ್ಟು ಎರಡು. ಎರಡು ನಿಮಿಷದ ಕೆಲಸ.

ಕೆಲವು ವಾರಗಳ ಹಿಂದೆ ಈ ಸ್ಕ್ರಿಪ್ಟನ್ನು ತೆರೆದಿಟ್ಟಾಗ, ಯಾವುದೋ ಊರಿನ ಒಬ್ಬ ಅಪರಿಚಿತ ಅದರ ಕೆಳಗೆ ಒಂದು ಪ್ರಶ್ನೆ ಹಾಕಿದ್ದ: ಇದು ಅರ್ಧದಲ್ಲಿ ನಿಂತರೆ ಏನು ಗತಿ? ಎಲ್ಲ ಸಾಲುಗಳೂ ಒಟ್ಟಿಗೆ ಬದಲಾಗುವ ಹಾಗೆ, ಇಲ್ಲವಾದರೆ ಒಂದೂ ಬದಲಾಗದ ಹಾಗೆ ಬರೆಯುವುದು ಒಳ್ಳೆಯದಲ್ಲವೇ? ಒಳ್ಳೆಯ ಪ್ರಶ್ನೆ. ನಮ್ಮ ಕೆಲಸದಲ್ಲಿ ಮೊದಲ ವರ್ಷವೇ ಕಲಿಯುವ ಪಾಠ. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಎರಡು ನಿಮಿಷದ ಕೆಲಸ ಅರ್ಧದಲ್ಲಿ ನಿಲ್ಲುವುದಿಲ್ಲ, ತಮ್ಮ ಕಾಳಜಿಗೆ ಧನ್ಯವಾದ ಎಂದು ಬರೆದು ಆ ಚರ್ಚೆಯನ್ನು ಮುಚ್ಚಿಬಿಟ್ಟೆ. ಮುಚ್ಚುವ ಅಧಿಕಾರ ನನ್ನ ಕೈಯಲ್ಲೇ ಇತ್ತಲ್ಲ.

ಸ್ಕ್ರಿಪ್ಟು ಓಡಲು ಶುರುವಾಗಿ ಒಂದು ನಿಮಿಷ ಆಗಿರಬಹುದು, ಗುಡುಗಿತು. ಅಷ್ಟೇನೂ ಜೋರಾಗಿ ಅಲ್ಲ. ಆದರೆ ದೊಡ್ಡಮ್ಮನಿಗೆ ಅಷ್ಟು ಸಾಕು. ಚಾವಡಿಯಲ್ಲಿ ಪ್ಲಗ್ಗು ಕಿತ್ತ ಸದ್ದು ಕೇಳಿಸಿತು, ನನ್ನ ಪರದೆ ಹಾಗೇ ನಿಂತಿತು.

“ದೊಡ್ಡಮ್ಮಾ, ಮೋಡೆಮ್ ತೆಗೀಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ.”

“ಸಿಡಿಲು ನಿನ್ನ ಹತ್ರ ಕೇಳಿ ಬರ್ತದಾ ಮಾರಾಯ್ತಿ? ಲ್ಯಾಪ್‌ಟಾಪಿನ ವಯರೂ ತೆಗಿ.”

ನಾನು ಅವರ ಮೇಲೆ ರೇಗಿದೆ. ಬಾಯಿಗೆ ಬಂದದ್ದು ಹೇಳಿದೆ. ಅವರು ನನ್ನ ವಯರನ್ನೂ ಕಿತ್ತು ಸುತ್ತಿಟ್ಟು ಹೋದರು. ಮಳೆ ಬಂದು ನಿಂತಿತು. ಒಂದು ಗಂಟೆಯ ಮೇಲೆ ಮೋಡೆಮ್ಮು ಮತ್ತೆ ಹಚ್ಚಲು ಅನುಮತಿ ಸಿಕ್ಕಿತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸ್ಕ್ರಿಪ್ಟು ಎಲ್ಲಿಯವರೆಗೆ ಹೋಗಿತ್ತು ಎಂದು ನೋಡಬೇಕಿತ್ತು. ನೋಡಲಿಲ್ಲ. ನಿಂತುಹೋಗಿದೆಯಲ್ಲ, ಮತ್ತೆ ಓಡಿಸಿದರಾಯಿತು ಎಂದು ಮೊದಲಿನಿಂದ ಓಡಿಸಿದೆ. ಈ ಸಲ ಗುಡುಗಲಿಲ್ಲ. ನೂರಹನ್ನೆರಡು ಸಾಲು ಮುಗಿದವು, ಯಾವ ದೋಷವೂ ಇಲ್ಲ ಎಂದು ಹಸಿರು ಅಕ್ಷರದಲ್ಲಿ ಬಂತು. ಹಸಿರು ಅಕ್ಷರ ನೋಡಿದರೆ ನಮ್ಮವರಿಗೆ ಹೊಟ್ಟೆ ತುಂಬುತ್ತದೆ. ಹೊಸ ಆವೃತ್ತಿ ಬಿಡುಗಡೆ ಎಂದು ಪ್ರಕಟಿಸಿ, ಚಾ ಕುಡಿಯಲು ಹೋದೆ.

ಸೋಮವಾರ ಬೆಳಿಗ್ಗೆ ಕಂಪನಿಯ ಮೀಟಿಂಗಿನ ನಡುವೆ ಸಿಸ್ಟರ್ ಫೋನು ಮಾಡಿದರು.

“ಮೇಡಂ, ಇಲ್ಲಿ ಒಬ್ಬರಿಗೆ ಗ್ಯಾಸಿನ ಮಾತ್ರೆ ದಿನಕ್ಕೆ ಒಂಬತ್ತು ಅಂತ ತೋರಿಸ್ತಾ ಉಂಟು. ಮೂರು ಅಲ್ವಾ?”

“ಯಾರೋ ಟೈಪ್ ಮಾಡುವಾಗ ತಪ್ಪಿರಬೇಕು ಸಿಸ್ಟರ್. ನೀವೇ ಮೂರು ಅಂತ ಮಾಡಿಬಿಡಿ.”

“ಸರಿ ಹಾಗಾದ್ರೆ,” ಎಂದು ಅವರು ಇಟ್ಟರು. ನಾನು ಮೀಟಿಂಗಿಗೆ ಮರಳಿದೆ. ಒಂಬತ್ತು ಎಂಬ ಆ ಅಂಕೆ ನನ್ನ ಕಿವಿಯಲ್ಲಿ ಒಂದು ಕ್ಷಣ ನಿಂತದ್ದು ನೆನಪಿದೆ. ಅದನ್ನು ನಾನು ನಿಲ್ಲಗೊಡಲಿಲ್ಲ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಚಾ ಲೋಟ ಹಿಡಿದು ಕೂತಾಗ ಆ ಅಪರಿಚಿತನ ಹೊಸ ಸಂದೇಶ ಬಂದಿತ್ತು. ನನ್ನ ಕೊಂಕು ಮಾತಿನ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಅವನು ಒಂದು ಪರೀಕ್ಷಾ ಪ್ರತಿಯ ಮೇಲೆ ನನ್ನ ಸ್ಕ್ರಿಪ್ಟನ್ನು ಓಡಿಸಿ, ಬೇಕೆಂದೇ ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಓಡಿಸಿ ನೋಡಿದ್ದ. ನಿಲ್ಲುವ ಮೊದಲು ಬದಲಾಗಿದ್ದ ಸಾಲುಗಳು ಎರಡು ಸಲ ಗುಣಿಸಿ ಹೋಗುತ್ತವೆ ಎಂದು ತೋರಿಸಿದ್ದ. ಕೊನೆಗೆ ಒಂದೇ ಸಾಲು: ನಿಮ್ಮ ನಿಜವಾದ ದಾಖಲೆಯ ಮೇಲೆ ಹೀಗೆ ಆಗಿಲ್ಲ ತಾನೇ?

ಚಾ ಲೋಟ ಕೆಳಗಿಟ್ಟೆ, ಚೆಲ್ಲಿತು. ಒಂಬತ್ತು. ಮೂರು ಮೂರಲ ಒಂಬತ್ತು. ಯಾರೂ ಟೈಪ್ ಮಾಡುವಾಗ ತಪ್ಪಿರಲಿಲ್ಲ.

ಶನಿವಾರದ ಬ್ಯಾಕಪ್ಪು ಒಂದಿತ್ತು. ವರ್ಷದಿಂದ ಪ್ರತಿದಿನ ತಾನಾಗಿ ಬ್ಯಾಕಪ್ಪು ಆಗುತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಅದನ್ನು ಒಮ್ಮೆಯೂ ತೆರೆದು ನೋಡಿದವಳಲ್ಲ. ಬ್ಯಾಕಪ್ಪು ಇರುವುದು ಬೇರೆ, ಅದು ತೆರೆಯುವುದು ಬೇರೆ. ತೆರೆಯಲು ಹಿಡಿದ ಅರ್ಧ ನಿಮಿಷದಲ್ಲಿ ಗೊತ್ತಿದ್ದ ದೈವಗಳನ್ನೆಲ್ಲ ನೆನೆದೆ, ಪೊಳಲಿಯ ಅಮ್ಮನಿಗೆ ಏನೋ ಹರಕೆಯನ್ನೂ ಹೇಳಿಕೊಂಡೆ. ಏನು ಹೇಳಿದೆ ಎಂದು ಈಗ ನೆನಪಿಲ್ಲ, ಅದೂ ಒಂದು ಹೆದರಿಕೆ. ಬ್ಯಾಕಪ್ಪು ತೆರೆಯಿತು. ಹಳೆಯ ಅಂಕೆ, ಹೊಸ ಅಂಕೆ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲ ನಲವತ್ತೇಳು ಸಾಲುಗಳು ಎರಡು ಸಲ ಗುಣಿಸಿ ಹೋಗಿದ್ದವು.

ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ಮಾತ್ರೆಗಳಿಗೆ ಏನೂ ಆಗಿರಲಿಲ್ಲ, ಒಂದರಿಂದ ಎಷ್ಟು ಸಲ ಗುಣಿಸಿದರೂ ಒಂದೇ. ಮೂರು ಸಲದವು ಒಂಬತ್ತಾಗಿ, ನೋಡಿದವರ ಕಣ್ಣಿಗೆ ಹೊಡೆಯುತ್ತಿದ್ದವು. ಸಿಸ್ಟರ್ ಅವನ್ನು ಎರಡು ದಿನದಿಂದ ತಾವೇ ತಿದ್ದುತ್ತ ಬಂದಿದ್ದರು. ಎರಡು ಸಲದವು ನಾಲ್ಕಾಗಿದ್ದವು. ದಿನಕ್ಕೆ ನಾಲ್ಕು ಮಾತ್ರೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹುಚ್ಚು ಅಂಕೆಗೆ ನಾನು ಅಂದಿನಿಂದ ಹೆದರುವುದಿಲ್ಲ, ಅದು ಹೇಗೂ ಸಿಕ್ಕಿಬೀಳುತ್ತದೆ. ಸಾಧುವಾಗಿ ಕಾಣುವ ತಪ್ಪು ಅಂಕೆಗೆ ಹೆದರುತ್ತೇನೆ.

ಹಾಗೆ ನಾಲ್ಕಾದವರು ಒಂಬತ್ತು ಮಂದಿ. ಸಿಸ್ಟರಿಗೆ ಫೋನು ಮಾಡಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

“ಆ ಒಂಬತ್ತು ಜನರಲ್ಲಿ ಸೋಮವಾರದಿಂದ ಡಬ್ಬಿ ತುಂಬಿಸಿದ್ದು ಮೂರೇ ಮನೆಗೆ,” ಎಂದರು. “ಎರಡು ಕಡೆ ನಾನು ಫೋನ್ ಮಾಡ್ತೇನೆ, ಅದು ಗ್ಯಾಸಿನದ್ದು, ವಿಟಮಿನ್ನಿನದ್ದು, ಏನೂ ಆಗ್ಲಿಕ್ಕಿಲ್ಲ. ಪುಂಜಾಲಕಟ್ಟೆಯದ್ದು ಮಾತ್ರ…”

“ಅದು ಯಾವ ಮಾತ್ರೆ?”

“ಮಾರ್ಫಿನ್.”

ಪುಂಜಾಲಕಟ್ಟೆಯಿಂದ ಒಳಗೆ ಒಂದು ಮನೆಯ ಅಜ್ಜಿ. ಬೆನ್ನುಮೂಳೆಗೆ ಹಬ್ಬಿದ ಕಾಯಿಲೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾರ್ಫಿನ್ ಮಾತ್ರೆ ಡಾಕ್ಟರು ಬರೆದದ್ದು. ನಾನು ಅದನ್ನು ಎರಡೆರಡು ಮಾಡಿದ್ದೆ. ಸೋಮವಾರ ಬೆಳಿಗ್ಗೆ ತುಂಬಿಸಿದ ಡಬ್ಬಿ. ಸೋಮವಾರ, ಮಂಗಳವಾರ, ಎರಡು ಪೂರ್ತಿ ದಿನ ಆಗಿಹೋಗಿತ್ತು.

“ಹೆಚ್ಚಾದರೆ ಏನಾಗ್ತದೆ ಸಿಸ್ಟರ್?”

“ಮಂಪರು ಬರ್ತದೆ. ಉಸಿರು ನಿಧಾನ ಆಗ್ತದೆ.” ಆಮೇಲೆ ಹೇಳಿದರು: “ನೀವು ಪುಂಜಾಲಕಟ್ಟೆ ಪೇಟೆಯಲ್ಲಿ ನಿಲ್ಲಿ. ನಾನು ಬಂಟ್ವಾಳದಲ್ಲಿದ್ದೇನೆ, ಈಗ ಹೊರಡ್ತೇನೆ.”

ಪಟ್ಟಿಯಲ್ಲಿದ್ದ ಆ ಮನೆಯ ನಂಬರಿಗೆ ಕರೆ ಮಾಡಿದೆ. ಎತ್ತಿದ ಗಂಡಸು ನಿದ್ದೆಗಣ್ಣಿನಲ್ಲಿದ್ದ. ಅವನು ಅಜ್ಜಿಯ ಅಣ್ಣನ ಮಗ, ಇರುವುದು ಕತಾರಿನಲ್ಲಿ. ನಮ್ಮ ಊರುಗಳಲ್ಲಿ ಮನೆಯ ನಂಬರು ಕೊಡಿ ಎಂದರೆ ಗಲ್ಫಿನಲ್ಲಿ ಇರುವವನ ನಂಬರು ಕೊಡುವುದು ವಾಡಿಕೆ. ಅವನ ಫೋನು ಯಾವಾಗಲೂ ಚಾಲೂ ಇರುತ್ತದೆ ಎನ್ನುವ ಭರವಸೆ. ಫಾರ್ಮಿನಲ್ಲಿ ಒಂದೇ ನಂಬರಿಗೆ ಜಾಗ ಇಟ್ಟವಳು ನಾನೇ.

“ಮಾಮಿಗೆ ಏನಾಗಿದೆ?” ಎಂದು ಅವನು ಕೇಳಿದ. ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುವುದು.

“ಏನಿಲ್ಲ, ಮಾತ್ರೆಯ ವಿಷಯ ಒಂದು ಕೇಳ್ಲಿಕ್ಕಿತ್ತು. ಮನೆಯಲ್ಲಿ ಬೇರೆ ಯಾರು ಇದ್ದಾರೆ?”

“ಅವರ ಮಗಳು ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾಳೆ, ಸಂಜೆ ಬರುವುದು. ಅಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಹೇಳಿ ಅಕ್ಕ, ಏನಾಗಿದೆ?”

ಏನಿಲ್ಲ ಎಂದು ಇನ್ನೊಮ್ಮೆ ಹೇಳಿ ಇಟ್ಟೆ. ನಾನು ಹೇಳಿದ್ದು ಸುಳ್ಳೋ ಅಲ್ಲವೋ ಎನ್ನುವುದು ನನಗೂ ಗೊತ್ತಿರಲಿಲ್ಲ. ಸ್ಕೂಟರು ತೆಗೆಯುವಾಗ ದೊಡ್ಡಮ್ಮ ಬಾಗಿಲಿಗೆ ಬಂದು, ತಿಂಡಿ ತಿನ್ನದೆ ಎಲ್ಲಿಗೆ ಎಂದರು. ಉತ್ತರ ಕೊಟ್ಟರೆ ಅಳು ಬರುತ್ತಿತ್ತು, ಹೊರಟುಬಿಟ್ಟೆ.

ಗುರುವಾಯನಕೆರೆಯಿಂದ ಪುಂಜಾಲಕಟ್ಟೆಗೆ ಹೋಗುವ ದಾರಿ ನನಗೆ ಕಣ್ಣು ಮುಚ್ಚಿ ಗೊತ್ತು. ಅಂದು ಯಾವ ತಿರುವು ಯಾವಾಗ ಬಂತು ಎಂದು ತಿಳಿಯಲಿಲ್ಲ. ತಲೆಯಲ್ಲಿ ಒಂದೇ ಲೆಕ್ಕ. ನಾಲ್ಕು, ನಾಲ್ಕು, ಇವತ್ತು ಬೆಳಿಗ್ಗೆಯದು ಎರಡು, ಹತ್ತು ಮಾತ್ರೆ. ಹತ್ತು ಮಾತ್ರೆ ತಿಂದ ಅಜ್ಜಿ ಮಗಳು ಕೆಲಸಕ್ಕೆ ಹೋಗುವಾಗ ಮಲಗಿದ್ದಿರಬೇಕು, ನೋವಿಲ್ಲದೆ ಮಲಗಿದ್ದಾರಲ್ಲ ಎಂದು ಮಗಳು ಎಬ್ಬಿಸದೆ ಹೋಗಿರಬೇಕು. ಈ ಚಿತ್ರ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಅದರ ನಡುವೆ ಇನ್ನೊಂದು ಯೋಚನೆಯೂ ಬಂತು, ಬರೆಯಲು ನಾಚಿಕೆಯಾಗುತ್ತದೆ. ಅಂಕೆಗಳನ್ನು ಈಗಲೇ ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಸಿಸ್ಟರ್ ಬಿಟ್ಟು ಬೇರೆ ಯಾರಿಗೆ ಗೊತ್ತಾಗುತ್ತದೆ? ಕಾಯಿಲೆಯವರು, ವಯಸ್ಸಾದವರು. ಯಾರೂ ಕೇಳಲಿಕ್ಕಿಲ್ಲ. ಈ ಯೋಚನೆ ನನ್ನದೇ ಎಂದು ಗೊತ್ತಾದಾಗ ನನಗೆ ನನ್ನ ಬಗ್ಗೆಯೇ ಭಯವಾಯಿತು.

ಪೇಟೆಯಲ್ಲಿ ಇಪ್ಪತ್ತು ನಿಮಿಷ ಕಾದೆ. ಮನೆ ಎಲ್ಲಿ ಎಂದು ನನಗೆ ಗೊತ್ತಿಲ್ಲ. ನನ್ನ ಪಟ್ಟಿಯಲ್ಲಿ ವಿಳಾಸ ಎಂದು ಇದ್ದದ್ದು ಊರಿನ ಹೆಸರು ಮಾತ್ರ. ಒಂದು ವರ್ಷದಿಂದ ಈ ಅಜ್ಜಿಯ ಸಾಲನ್ನು ನೋಡುತ್ತಿದ್ದೇನೆ, ಅವರ ಮನೆಯ ದಾರಿ ಗೊತ್ತಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಸಿಸ್ಟರ್ ಬಂದವರು ಸ್ಕೂಟರಿನಿಂದ ಇಳಿಯಲಿಲ್ಲ.

“ಉಸಿರು ನೋಡಬೇಕು,” ಎಂದರು. “ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ರೆ ಕೂಡಲೇ ಆಂಬುಲೆನ್ಸ್. ಹಿಂದೆ ಬನ್ನಿ.”

ಮಣ್ಣುರಸ್ತೆಯ ಕೊನೆಗೆ ಹೆಂಚಿನ ಸಣ್ಣ ಮನೆ. ಬಾಗಿಲು ಮುಚ್ಚಿತ್ತು. “ಅಮ್ಮಾ,” ಎಂದು ಸಿಸ್ಟರ್ ಕರೆದರು. ಉತ್ತರ ಇಲ್ಲ. ಇನ್ನೊಮ್ಮೆ ಕರೆದರು. ಒಳಗೆ ಏನೋ ಬಿದ್ದ ಸದ್ದಾಯಿತು, ತಗಡಿನ ಸದ್ದು, ಆಮೇಲೆ ಏನೋ ಎಳೆದ ಸದ್ದು. ಬಿದ್ದುಬಿಟ್ಟರು ಎಂದುಕೊಂಡೆ. ಜಗಲಿಯ ಕಂಬ ಹಿಡಿದುಕೊಂಡೆ. ಸಿಸ್ಟರ್ ಬಾಗಿಲು ತಳ್ಳುವಷ್ಟರಲ್ಲಿ ಅದು ಒಳಗಿನಿಂದ ತೆರೆಯಿತು.

ಅಜ್ಜಿ ನಿಂತಿದ್ದರು. ಗೋಡೆ ಹಿಡಿದುಕೊಂಡು, ಸೊಂಟ ಒಂದು ಪಕ್ಕಕ್ಕೆ ಬಾಗಿಸಿ, ಆದರೆ ಕಣ್ಣು ಪೂರ್ತಿ ತೆರೆದು. ಸಿಸ್ಟರ್ ಅವರ ಕೈ ಹಿಡಿದು ಒಳಗೆ ಕೂರಿಸಿ ಗಡಿಯಾರ ನೋಡುತ್ತ ಉಸಿರು ಎಣಿಸಿದರು. ಹದಿನೆಂಟು. ಇನ್ನೊಮ್ಮೆ ಎಣಿಸಿದರು. ಹದಿನೆಂಟೇ. ನಾನು ನೆಲದಲ್ಲಿ ಕೂತುಬಿಟ್ಟೆ.

ಕೂತಾಗ ಕಂಡಿತು, ಮಂಚದ ಅಡಿಯಲ್ಲಿ ಅವಸರದಲ್ಲಿ ತಳ್ಳಿದ ತಗಡಿನ ಮೊರ, ಅದರ ಮೇಲೆ ಹಳೆಯ ಸೀರೆ. ಸೀರೆಯ ಕೆಳಗಿನಿಂದ ಕತ್ತರಿಸಿದ ಬೀಡಿ ಎಲೆ ಹೊರಗೆ ಬಂದಿತ್ತು. ಅಜ್ಜಿಯ ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ಪುಡಿ ಇತ್ತು. ನಾವು ಕರೆದಾಗ ಅವರು ಬಿದ್ದದ್ದಲ್ಲ, ಬೀಡಿ ಸುತ್ತುವ ಮೊರವನ್ನು ಅಡಗಿಸಿದ್ದು. ಕೂತು ಬೆನ್ನು ಬಗ್ಗಿಸುವ ಕೆಲಸ ಮಾಡಬಾರದೆಂದು ಸಿಸ್ಟರ್ ತಿಂಗಳುಗಟ್ಟಲೆ ಹೇಳಿದ್ದರಂತೆ.

ಸಿಸ್ಟರ್ ಅದನ್ನು ಕಂಡೂ ಕಾಣದ ಹಾಗೆ ಡಬ್ಬಿ ತೆಗೆದುಕೊಂಡರು. ಸೋಮವಾರದ ಖಾನೆ ಖಾಲಿ. ಮಂಗಳವಾರದ್ದು ಖಾಲಿ. ಬುಧವಾರ ಬೆಳಿಗ್ಗೆಯದೂ ಖಾಲಿ.

“ಅಮ್ಮಾ, ಇದನ್ನೆಲ್ಲ ತಿಂದದ್ದಾ?”

ಅಜ್ಜಿ ತಲೆ ತಗ್ಗಿಸಿದರು. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ನೀವು ಬೈಯುವುದಿಲ್ಲ ಅಂದ್ರೆ ಹೇಳ್ತೇನೆ.”

“ಬೈಯುವುದಿಲ್ಲ.”

ಅವರು ಎದ್ದು, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತಂದರು. ಅರ್ಧಕ್ಕಿಂತ ಮೇಲೆ ಮಾತ್ರೆ ತುಂಬಿತ್ತು.

“ಹಗಲಿನದ್ದು ನಾನು ತಿನ್ನುವುದಿಲ್ಲ,” ಎಂದರು. “ತಿಂದರೆ ತೂಕಡಿಕೆ ಬರ್ತದೆ, ಕೈ ಓಡುವುದಿಲ್ಲ. ಎಲೆ ಎಲ್ಲ ಹರಿದು ಹೋಗ್ತದೆ. ರಾತ್ರಿಯದ್ದು ಒಂದು ತಿನ್ನುತ್ತೇನೆ. ಈ ಸಲ ಎರಡಿತ್ತು, ಒಂದೇ ತಿಂದೆ. ಎರಡು ತಿಂದು ಬೆಳಿಗ್ಗೆ ಏಳುವುದು ಹೇಗೆ? ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ, ನೀವು ಧರ್ಮಕ್ಕೆ ಕೊಟ್ಟದ್ದಲ್ವಾ. ಮಗಳಿಗೆ ಹೇಳ್ಬೇಡಿ.”

ನನಗೆ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಿತು ಕೂಡ, ಒಂದು ಗಳಿಗೆ. ಆಮೇಲೆ ಆ ಬಾಟಲಿಯನ್ನು ನೋಡಿದೆ. ಮನೆಯಲ್ಲಿ ಯಾರಾದರೂ ಬೇರೆ ಏನೋ ಎಂದು ತಿಳಿದು ನಾಲ್ಕು ಬಾಯಿಗೆ ಹಾಕಿಕೊಂಡಿದ್ದರೆ? ಅದಕ್ಕಿಂತ ಮೇಲೆ ಇನ್ನೊಂದು ಗೊತ್ತಾಯಿತು. ನನ್ನ ತಪ್ಪು ಅಂಕೆ ಈ ಅಜ್ಜಿಯನ್ನು ಕೊಲ್ಲದೆ ಇದ್ದದ್ದು, ನನ್ನ ಸರಿ ಅಂಕೆಯೂ ಅವರ ವಿಷಯದಲ್ಲಿ ಒಂದು ದಿನವೂ ನಿಜವಾಗಿರದ ಕಾರಣಕ್ಕೆ. ದಿನಕ್ಕೆ ಎರಡು ಎಂದು ನಾನು ಬರೆದಿಟ್ಟಿದ್ದೆ. ಮಾರ್ಫಿನ್ ಶುರುವಾದ ಏಳು ತಿಂಗಳಿಂದ ಅವರು ಒಂದರಲ್ಲೇ ಹಗಲನ್ನೆಲ್ಲ ನೋವಿನಲ್ಲಿ ಕಳೆದಿದ್ದರು. ಸಿಸ್ಟರ್ ಪ್ರತಿ ವಾರ, ಹತ್ತರಲ್ಲಿ ನೋವು ಎಷ್ಟು ಎಂದು ಕೇಳಿದಾಗ ಮೂರು ಎನ್ನುತ್ತಿದ್ದರಂತೆ, ಹಗಲಿನ ಮಾತ್ರೆ ಬಿಟ್ಟದ್ದು ಗೊತ್ತಾಗದಿರಲಿ ಎಂದು. ಆ ಮೂರುಗಳನ್ನೆಲ್ಲ ಸೇರಿಸಿ ನಾನು ಒಂದು ಗ್ರಾಫು ಮಾಡಿದ್ದೆ. ನೇರ ಗೆರೆ. ಅದನ್ನು ತಂಡದವರಿಗೆ ತೋರಿಸಿ ಹೆಮ್ಮೆಪಟ್ಟಿದ್ದೆ.

“ಇವರೇ ಅಮ್ಮಾ, ಕಂಪ್ಯೂಟರಿನಲ್ಲಿ ಎಲ್ಲ ಮಾಡುವವರು,” ಎಂದು ಸಿಸ್ಟರ್ ನನ್ನನ್ನು ತೋರಿಸಿದರು. “ಅವರ ಕೈಯಲ್ಲಿ ಒಂದು ತಪ್ಪಾಗಿ ಡಬ್ಬಿಗೆ ಎರಡೆರಡು ಬಂದದ್ದು.”

ನಾನು ಕೈ ಮುಗಿದೆ. ಅಜ್ಜಿ ನನ್ನ ಮುಖ ನೋಡಿ, “ಬೆಳಿಗ್ಗೆ ಏನೂ ತಿನ್ನಲಿಲ್ವಾ ಮಗಾ?” ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಸಿಸ್ಟರ್ ಹೊರಗೆ ಹೋಗಿ ಮೂಡುಬಿದಿರೆಯ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದರು. ಬೆಳಿಗ್ಗೆಯದು ಒಂದು ಈಗ ಕೊಡಿ, ಯಾರಾದರೂ ಪಕ್ಕದಲ್ಲಿ ಇರಿ ಎಂದರಂತೆ ಡಾಕ್ಟರು. ಅಜ್ಜಿ ಮೊದಲು ಒಪ್ಪಲಿಲ್ಲ. ಮೊರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೊನೆಗೆ, “ಇವಳು ಕೂತುಕೊಳ್ತಾಳಾದ್ರೆ ಒಂದು ದಿನ ತಿಂದು ನೋಡುವ,” ಎಂದರು. ಸಿಸ್ಟರ್ ಡಬ್ಬಿಯನ್ನು ಖಾಲಿ ಮಾಡಿ, ಮೊಬೈಲು ತೆರೆಯದೆ, ಡಾಕ್ಟರ ಕೈಬರಹದ ಚೀಟಿ ನೋಡಿ ಮತ್ತೆ ತುಂಬಿಸಿದರು. ಬಾಟಲಿಯ ಮಾತ್ರೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡರು. ಉಸಿರು ಎಣಿಸುವುದನ್ನು ನನಗೆ ಹೇಳಿಕೊಟ್ಟು ಉಳಿದ ಎರಡು ಮನೆಗೆ ಹೊರಟರು.

ಅಜ್ಜಿ ಮಾತ್ರೆ ನುಂಗಿ ಮಂಚದ ಮೇಲೆ ಒರಗಿದರು. ನಾನು ಕಾಲ ಬುಡದಲ್ಲಿ ಕೂತೆ. ಹತ್ತು ನಿಮಿಷಕ್ಕೊಮ್ಮೆ ಎಣಿಸಿ ಒಂದು ಕಾಗದದಲ್ಲಿ ಬರೆದೆ. ಹದಿನೇಳು, ಹದಿನಾರು. ಅವರಿಗೆ ನಿದ್ದೆ ಹತ್ತಿತು. ಹದಿನಾಲ್ಕು ಎಂದು ಬಂದಾಗ ಕಾಗದ ಬದಿಗಿಟ್ಟು ಅವರ ಹತ್ತಿರ ಸರಿದೆ. ಒಂದೇ ಮಾತ್ರೆ, ಡಾಕ್ಟರು ಬರೆದದ್ದೇ, ನಾನೇ ಕಣ್ಣಾರೆ ಕಂಡದ್ದು. ಆದರೂ ನಂಬಲಿಕ್ಕೆ ಆಗಲಿಲ್ಲ. ಎದೆ ಏಳುವುದು ಒಂದು ಕ್ಷಣ ತಡವಾದರೆ ನಾನು ಎದ್ದು ನಿಲ್ಲುತ್ತಿದ್ದೆ. ಪುನಃ ಎಣಿಸಿದೆ, ಹದಿನಾಲ್ಕೇ. ಅವರ ಹುಬ್ಬುಗಳ ನಡುವೆ ಒಂದು ಗಂಟು ಇತ್ತು, ಮುಖವೇ ಹಾಗೆ ಎಂದುಕೊಂಡಿದ್ದೆ. ನೋಡುತ್ತ ನೋಡುತ್ತ ಅದು ಬಿಚ್ಚಿ ಹೋಯಿತು.

ಎಣಿಕೆಯ ನಡುವೆ ಫೋನಿನಲ್ಲೇ ಒಂದು ಪ್ರಕಟಣೆ ಬರೆದೆ. ಭಾನುವಾರದ ಆವೃತ್ತಿಯನ್ನು ಯಾರೂ ಬಳಸಬೇಡಿ, ಓಡಿಸಿದ್ದರೆ ಇಂತಿಂಥ ಸಾಲುಗಳನ್ನು ಪರೀಕ್ಷಿಸಿ, ಮಾತ್ರೆಯ ಅಂಕೆ ತಪ್ಪಿರಬಹುದು. ತಪ್ಪು ನನ್ನದು, ಇದರ ಬಗ್ಗೆ ಎಚ್ಚರಿಸಿದವರ ಮಾತನ್ನು ಮುಚ್ಚಿಹಾಕಿದ್ದೂ ನಾನೇ ಎಂದು ಬರೆದೆ. ಕಳಿಸುವ ಬಟನ್ನಿನ ಮೇಲೆ ಬೆರಳು ತುಂಬ ಹೊತ್ತು ನಿಂತಿತು. ಕಂಪನಿಯವರು ಓದುತ್ತಾರೆ, ಜೊತೆಯವರು ಓದುತ್ತಾರೆ, ನಾಳೆ ಕೆಲಸ ಕೊಡುವವರೂ ಓದುತ್ತಾರೆ. ಆದರೆ ನನಗೆ ಗೊತ್ತಿಲ್ಲದ ಊರಿನಲ್ಲಿ ಇನ್ನೊಂದು ಡಬ್ಬಿ ತುಂಬುತ್ತಿದ್ದರೆ? ಒತ್ತಿದೆ. ಐದು ನಿಮಿಷದಲ್ಲಿ ಆ ಅಪರಿಚಿತನ ಉತ್ತರ ಬಂತು. ಯಾರಿಗಾದರೂ ಏನಾದರೂ ಆಯಿತಾ ಎಂದಷ್ಟೇ ಕೇಳಿದ್ದ. ಇಲ್ಲ, ಪಕ್ಕದಲ್ಲೇ ಕೂತಿದ್ದೇನೆ ಎಂದು ಬರೆದೆ.

ಮೂರು ಗಂಟೆಯ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟರು. ಎಷ್ಟು ಹೊತ್ತು ಮಲಗಿದೆ ಎಂದು ಕೇಳಿದರು. ನಾಲ್ಕು ಗಂಟೆ ಹೊತ್ತು ಎಂದೆ. ಅವರು ಮೆಲ್ಲಗೆ ಒಂದು ಕಾಲನ್ನು ಮಡಚಿದರು, ಬಿಚ್ಚಿದರು. ಇನ್ನೊಂದು ಕಾಲು ಮಡಚಿದರು. ಮಗ್ಗುಲು ತಿರುಗಿ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿದರು, ಇಟ್ಟ ಸಾಮಾನು ಇಟ್ಟಲ್ಲಿ ಇಲ್ಲದಾಗ ಹುಡುಕುವವರ ಹಾಗೆ.

“ಏನಾಯ್ತು ಅಜ್ಜಿ?” ನಾನು ಹೆದರಿ ಎದ್ದು ನಿಂತಿದ್ದೆ.

“ಇಲ್ಲ,” ಎಂದರು. “ನೋವು ಇಲ್ಲ.”

ಹೆಂಚಿನ ಮಾಡು ನೋಡುತ್ತ ಮಲಗಿದರು. ಅವರ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು, ಒರೆಸಿಕೊಳ್ಳಲಿಲ್ಲ.

“ಇಷ್ಟು ದಿನವೂ ಹೀಗೆ ಇರಬಹುದಿತ್ತಾ ಮಗಾ?”

ಉಸಿರಿನ ಲೆಕ್ಕ ಬರೆದ ಕಾಗದ ನನ್ನ ಕೈಯಲ್ಲಿತ್ತು. ಹೌದು ಎಂದು ಹೇಳಲು ನನಗೆ ಹೆದರಿಕೆಯಾಯಿತು.